ಹಿಂದಿನ ಎಡ ಚಕ್ರದಲ್ಲಿ ಗಾಳಿ ನಿಲ್ಲುತ್ತಿಲ್ಲ: ಟಯರ್ ಬಿಚ್ಚಿ ನೋಡಿದಾಗ ಸಿಕ್ಕಿದ್ದು

ಕಾರಿನ ಟಯರ್ ಪದೇ ಪದೇ ಚಪ್ಪಟೆಯಾಗುತ್ತಿದ್ದರೆ ಮೊದಲು ಒಂದು ವಿಷಯ ನೋಡಿಕೊಳ್ಳಬೇಕು. ಪ್ರತಿ ಸಲವೂ ಅದೇ ಚಕ್ರವಾ, ಇಲ್ಲ ಒಂದೊಂದು ಸಲ ಒಂದೊಂದಾ? ಅದೇ ಚಕ್ರವಾದರೆ ತೊಂದರೆ ಆ ಚಕ್ರದಲ್ಲೇ ಇದೆ: ವಾಲ್ವ್, ರಿಮ್, ಸರಿಯಾಗಿ ಕೂರದ ಹಳೆಯ ಪಂಚರ್, ಯಾವುದೋ ಒಂದು. ಬೇರೆ ಬೇರೆ ಚಕ್ರವಾದರೆ ನೀವು ಓಡಾಡುವ ದಾರಿ ನೋಡಬೇಕು, ಗಾಡಿ ನಿಲ್ಲಿಸುವ ಜಾಗ ನೋಡಬೇಕು, ಟಯರ್ ಸವೆದು ತೆಳ್ಳಗಾಗಿದೆಯಾ ನೋಡಬೇಕು. ನನಗೆ ಎರಡೂ ಒಟ್ಟಿಗೆ ಬಂದಿದ್ದವು. ಹಾಗಾಗಿ ಬಿಡಿಸಿ ನೋಡಲು ಸ್ವಲ್ಪ ಹೊತ್ತು ಹಿಡಿಯಿತು.

ಗಾಡಿ ಹತ್ತು ವರ್ಷ ದಾಟಿದ ಸಣ್ಣ ಹ್ಯಾಚ್‌ಬ್ಯಾಕ್. 165/80 ಆರ್14 ಅಳತೆಯ ಟ್ಯೂಬ್‌ಲೆಸ್ ಟಯರ್, ಸ್ಟೀಲ್ ರಿಮ್, ಮೇಲೆ ಪ್ಲಾಸ್ಟಿಕ್ ವೀಲ್ ಕ್ಯಾಪ್. ಮನೆ ಕುಂದಾಪುರದ ಹತ್ತಿರ, ಸಮುದ್ರದಿಂದ ಹೆಚ್ಚು ದೂರವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಉಳಿದ ತಿಂಗಳು ಉಪ್ಪು ಗಾಳಿ. ಗೇಟಿನ ಚಿಲಕ, ಕಿಟಕಿ ಸರಳು, ಸೈಕಲ್ ಚೈನು ಎಲ್ಲಕ್ಕೂ ತುಕ್ಕು ಹಿಡಿಯುವ ಊರು. ರಿಮ್‌ಗೂ ಹಿಡಿಯುತ್ತದೆ, ಆದರೆ ಅದು ಕ್ಯಾಪ್ ಹಿಂದೆ ಮತ್ತು ಟಯರ್ ಒಳಗೆ ಇರುವುದರಿಂದ ಯಾರೂ ನೋಡುವುದಿಲ್ಲ.

ಶುರುವಾಗಿದ್ದು ಮಾಮೂಲಿ ಪಂಚರಿನಿಂದ. ಹಿಂದಿನ ಎಡ ಟಯರಿನಲ್ಲಿ ಒಂದು ಸ್ಕ್ರೂ ಹೊಕ್ಕಿತ್ತು. ಅಂಗಡಿಯವರು ಎಳೆದು ತೆಗೆದು ಸ್ಟ್ರಿಪ್ (ತೂತಿಗೆ ಹೊರಗಿನಿಂದ ತುರುಕುವ ಅಂಟು ರಬ್ಬರ್ ಪಟ್ಟಿ) ಹಾಕಿದರು, ಹತ್ತು ನಿಮಿಷದ ಕೆಲಸ. ಕೆಲವು ದಿನ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಟಯರು ಮತ್ತೆ ಹೊಟ್ಟೆ ಬಿಟ್ಟುಕೊಂಡು ಕೂತಿದೆ. ಗಾಳಿ ಹಾಕಿಸಿದೆ, ನಾಲ್ಕೈದು ದಿನ, ಮತ್ತೆ ಅದೇ ಕಥೆ. ಇನ್ನೊಂದು ಅಂಗಡಿಯಲ್ಲಿ ವಾಲ್ವ್ ಪಿನ್ (ವಾಲ್ವಿನೊಳಗೆ ಗಾಳಿ ತಡೆಯುವ ಸಣ್ಣ ಕಡ್ಡಿ) ಬದಲಾಯಿಸಿದರು. ಇಳಿಯುವುದು ಸ್ವಲ್ಪ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಮೂರನೆಯ ಕಡೆ, "ಟಯರ್ ಹಳೇದಾಯ್ತು ಮಾಷ್ಟ್ರೆ, ಹೊಸ್ತು ಹಾಕಿ ಬಿಡಿ" ಅಂದರು. ಟಯರಿನಲ್ಲಿ ಬಟನ್ (ನೆಲಕ್ಕೆ ತಾಗುವ ರಬ್ಬರಿನ ಉಬ್ಬುಗಳು) ಇನ್ನೂ ಚೆನ್ನಾಗಿತ್ತು. ಕಾರಣ ಗೊತ್ತಿಲ್ಲದೆ ಹೊಸ ಟಯರಿಗೆ ದುಡ್ಡು ಹಾಕಲು ಮನಸ್ಸಾಗಲಿಲ್ಲ, ನಾನೇ ಹುಡುಕೋಣ ಅಂತ ಕೂತೆ.

ಮೊದಲ ಕೆಲಸ ಅಳತೆ. ಬಂಕಿನ ಗಾಳಿ ಮೆಷೀನ್ ನಂಬಿ ಈ ಕೆಲಸ ಆಗುವುದಿಲ್ಲ, ಯಾಕೆಂದರೆ ಒಂದು ಬಂಕಿನ ಮೀಟರಿಗೂ ಇನ್ನೊಂದರದಕ್ಕೂ ಎರಡು ಮೂರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ವ್ಯತ್ಯಾಸ ಇರಬಹುದು. ಇನ್ನೂ ಒಂದು ತೊಂದರೆ ಇದೆ. ಬಂಕಿಗೆ ಗಾಡಿ ಓಡಿಸಿಕೊಂಡೇ ಹೋಗುತ್ತೀರಿ, ಅಷ್ಟರಲ್ಲಿ ಟಯರ್ ಬಿಸಿಯಾಗಿರುತ್ತದೆ. ಗಾಳಿಯ ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಹೆದ್ದಾರಿಯಲ್ಲಿ ಚೆನ್ನಾಗಿ ಓಡಿಸಿ ಹೋಗಿ ಅಳೆದರೆ ಮೂರು ನಾಲ್ಕು ಪಿಎಸ್‌ಐ ಸೋರಿದ್ದೂ ಮುಚ್ಚಿಹೋಗುತ್ತದೆ, ಎಲ್ಲ ಸರಿ ಇದೆ ಅಂದುಕೊಂಡು ವಾಪಸ್ ಬರುತ್ತೀರಿ. ಅದಕ್ಕೆ ಒಂದು ಚಿಕ್ಕ ಡಿಜಿಟಲ್ ಗೇಜ್ ತಂದೆ. ಸಿಗರೇಟ್ ಲೈಟರ್ ಸಾಕೆಟಿಗೆ ಚುಚ್ಚುವ 12 ವೋಲ್ಟಿನ ಗಾಳಿ ಪಂಪು ಮನೆಯಲ್ಲಿ ಮೊದಲೇ ಇತ್ತು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು, ತಣ್ಣಗಿದ್ದಾಗ, ನಾಲ್ಕೂ ಚಕ್ರ ಅಳೆದು ಕ್ಯಾಲೆಂಡರಿನ ಮೇಲೆ ಬರೆಯುವುದು. ಇಷ್ಟೇ.

ನಾಲ್ಕೂ ಅಳೆಯಬೇಕು ಅನ್ನುವುದಕ್ಕೆ ಕಾರಣ ಇದೆ. ಒಳ್ಳೆಯ ಟಯರ್ ಕೂಡ ರಬ್ಬರಿನ ಮೂಲಕವೇ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ, ಅದು ರೋಗವಲ್ಲ. ಮಳೆ ಬಂದು ತಂಪಾದರೆ ನಾಲ್ಕೂ ಒಟ್ಟಿಗೆ ಸ್ವಲ್ಪ ಇಳಿಯುತ್ತವೆ. ಉಳಿದ ಮೂರಕ್ಕಿಂತ ಒಂದು ಚಕ್ರ ಮಾತ್ರ ಜಾಸ್ತಿ ಇಳಿದರೆ ಅದನ್ನು ಹಿಡಿದುಕೊಳ್ಳಬೇಕು. ನನ್ನಲ್ಲಿ ಮೂರು ಚಕ್ರ ಅಲ್ಲಾಡದೆ 33ರಲ್ಲಿ ನಿಂತಿದ್ದವು. ಹಿಂದಿನ ಎಡದ್ದು ಮಾತ್ರ ಮರುದಿನ 31, ಅದರ ಮರುದಿನ 28, ಹೀಗೆ ಇಳಿಯುತ್ತಿತ್ತು. ಮೊಳೆ ಹೊಕ್ಕ ಟಯರ್ ಓಡಿಸಿದಾಗ ಬೇಗ ಇಳಿಯುತ್ತದೆ, ನಿಲ್ಲಿಸಿಟ್ಟಾಗ ಒಮ್ಮೊಮ್ಮೆ ಇಳಿಯುವುದೇ ಇಲ್ಲ. ಇಲ್ಲಿ ಓಡಿಸಿದರೂ, ಓಡಿಸದೆ ಸುಮ್ನೆ ಅಂಗಳದಲ್ಲಿ ನಿಲ್ಲಿಸಿದರೂ ಇಳಿಯುವ ವೇಗ ಹೆಚ್ಚುಕಡಿಮೆ ಒಂದೇ. ಮೊಳೆಯಲ್ಲ ಅನ್ನುವ ಅನುಮಾನ ಬಂದಿದ್ದು ಆಗಲೇ.

ಮುಂದಿನದು ಸೋಪು ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಒಂದು ಲೋಟ ನೀರು, ಹಳೆಯ ಸ್ಪ್ರೇ ಬಾಟಲಿ. ವೀಲ್ ಕ್ಯಾಪ್ ಕಿತ್ತು ಮೊದಲು ವಾಲ್ವಿನ ಬಾಯಿಗೆ ಒಂದು ಹನಿ ಬಿಟ್ಟೆ. ಪಿನ್ ಸೋರುತ್ತಿದ್ದರೆ ಬಾಯಲ್ಲಿ ಗುಳ್ಳೆ ದಪ್ಪಗಾಗುತ್ತ ಹೋಗುತ್ತದೆ. ಏನೂ ಇಲ್ಲ. ಆಮೇಲೆ ವಾಲ್ವಿನ ಬುಡಕ್ಕೆ ಹೊಡೆದು, ರಬ್ಬರ್ ಕಾಂಡವನ್ನು ಬೆರಳಲ್ಲಿ ಮೆಲ್ಲಗೆ ಆ ಕಡೆ ಈ ಕಡೆ ಬಗ್ಗಿಸಿದೆ. ಈ ಬಗ್ಗಿಸುವುದನ್ನು ಅಂಗಡಿಗಳಲ್ಲಿ ಮಾಡುವುದು ಕಡಿಮೆ. ನೇರ ನಿಂತಾಗ ಸೋರದ ವಾಲ್ವು ಬಗ್ಗಿಸಿದಾಗ ಸೋರುತ್ತದೆ, ಯಾಕೆಂದರೆ ರಬ್ಬರ್ ಒಣಗಿ ಬಿರುಕು ಬಿಡುವುದು ಬುಡದಲ್ಲಿ. ನನ್ನದರಲ್ಲಿ ಬಲಕ್ಕೆ ಬಗ್ಗಿಸಿದಾಗ ಸಾಸಿವೆಯಷ್ಟು ನೊರೆ ಬಂತು, ಬಿಟ್ಟ ಕೂಡಲೇ ನಿಂತಿತು. ಒಂದು ಕಳ್ಳ ಸಿಕ್ಕ. ಆದರೆ ದಿನಕ್ಕೆ ಎರಡು ಮೂರು ಪಿಎಸ್‌ಐ ಇಳಿಸುವಷ್ಟು ದೊಡ್ಡ ಕಳ್ಳ ಅವನಲ್ಲ.

ನೆಲಕ್ಕೆ ತಾಗುವ ಭಾಗಕ್ಕೆಲ್ಲ ಸೋಪು ನೀರು ಹೊಡೆದೆ, ಗಾಡಿ ಸ್ವಲ್ಪ ಮುಂದೆ ದೂಡಿ ಉಳಿದ ಭಾಗಕ್ಕೂ ಹೊಡೆದೆ. ಹಳೆಯ ಸ್ಟ್ರಿಪ್ ಹತ್ತಿರ ಗುಳ್ಳೆ ಇಲ್ಲ. ರಿಮ್ ಮತ್ತು ಟಯರ್ ಸೇರುವ ಹೊರಗಿನ ಅಂಚಿನಲ್ಲೂ ಇಲ್ಲ. ಸಣ್ಣ ಸೋರಿಕೆಗೆ ತಾಳ್ಮೆ ಬೇಕು. ಹೊಡೆದು ಅರ್ಧ ನಿಮಿಷದಲ್ಲಿ ಏನೂ ಕಾಣಲಿಲ್ಲ ಅಂತ ಎದ್ದು ಹೋಗಬಾರದು, ಐದು ನಿಮಿಷ ಬಿಟ್ಟು ಬಂದು ನೋಡಿದರೆ ಆಗ ಸಣ್ಣ ಬಿಳಿ ನೊರೆ ಗುಡ್ಡೆ ಕಟ್ಟಿರುತ್ತದೆ. ಹಾಗೆ ಬಿಟ್ಟು ನೋಡಿದರೂ ಇರಲಿಲ್ಲ. ಉಳಿದಿದ್ದು ಒಳಗಿನ ಅಂಚು, ಅಂದರೆ ಗಾಡಿಯ ಅಡಿಯ ಕಡೆಗಿರುವುದು. ಚಕ್ರ ಬಿಚ್ಚದೆ ಅದು ಕಾಣುವುದಿಲ್ಲ.

ಚಕ್ರ ಬಿಚ್ಚುವುದು ಎಲ್ಲರಿಗೂ ಗೊತ್ತು, ಒಂದೇ ಮಾತು ಹೇಳುತ್ತೇನೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂದಿನ ಒಂದು ಚಕ್ರ ಎತ್ತಿದಿರಿ ಅಂದರೆ ಅರ್ಧ ಬ್ರೇಕ್ ಹೋಯಿತು ಅಂತಲೇ ಲೆಕ್ಕ. ಗೇರಲ್ಲಿ ಹಾಕಿ, ಮುಂದಿನ ಚಕ್ರಕ್ಕೆ ಎರಡೂ ಬದಿಯಲ್ಲಿ ಕಲ್ಲು ಕೊಟ್ಟು, ನಟ್ಟುಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಜಾಕ್ ಕೊಡಬೇಕು. ಕೆಂಪು ಮಣ್ಣಿನ ಅಂಗಳವಾದರೆ ಜಾಕ್ ಅಡಿಗೆ ಒಂದು ಗಟ್ಟಿ ಹಲಗೆ ಇಡಿ, ಮಳೆಗಾಲದಲ್ಲಿ ಜಾಕೇ ಮಣ್ಣೊಳಗೆ ಇಳಿಯುತ್ತದೆ.

ಸ್ಟೆಪ್ನಿ ಹಾಕಿ, ಬಿಚ್ಚಿದ ಚಕ್ರಕ್ಕೆ 35ರವರೆಗೆ ಗಾಳಿ ತುಂಬಿಸಿ ಹಿತ್ತಲಿಗೆ ಉರುಳಿಸಿಕೊಂಡು ಹೋದೆ. ದನಕ್ಕೆ ನೀರಿಡುತ್ತಿದ್ದ ಸಿಮೆಂಟ್ ಬಾನಿ ಅಲ್ಲಿದೆ, ಈಗ ದನ ಇಲ್ಲ, ಬಾನಿ ಇದೆ. ಅದರಲ್ಲಿ ಚಕ್ರ ಪೂರ್ತಿ ಮುಳುಗುವುದಿಲ್ಲ, ನಿಲ್ಲಿಸಿ ಇಳಿಸಿದರೆ ಕಾಲು ಭಾಗ ಮುಳುಗುತ್ತದೆ. ಅಷ್ಟು ಸಾಕು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನೋಡಬೇಕು. ಮೊದಲು ಇಳಿಸಿದಾಗ ಎಲ್ಲ ಕಡೆಯಿಂದಲೂ ಗುಳ್ಳೆ ಬರುತ್ತದೆ, ಅದು ಬಟನ್ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿ. ಕೈಯಿಂದ ಒರೆಸಿ ಬಿಡಿಸಿ, ನೀರು ಅಲ್ಲಾಡದೆ ನಿಂತ ಮೇಲೆ ನೋಡಿ. ಒಳಗಿನ ಅಂಚಿನಲ್ಲಿ, ಬ್ಯಾಲೆನ್ಸಿಂಗ್ ತೂಕ (ಚಕ್ರ ಅದುರದೆ ತಿರುಗಲಿ ಅಂತ ಹಾಕುವ ಸಣ್ಣ ಲೋಹದ ತುಂಡು) ಸಿಕ್ಕಿಸಿದ ಜಾಗದ ಪಕ್ಕದಲ್ಲಿ, ಒಂದರ ಹಿಂದೆ ಒಂದು ಸಣ್ಣ ಗುಳ್ಳೆ ಏಳುತ್ತಿತ್ತು. ಒಂದು ಗೇಣು ದೂರದಲ್ಲಿ ಇನ್ನೊಂದು ಕಡೆಯೂ. ಸೀಮೆಸುಣ್ಣ ಒದ್ದೆ ರಬ್ಬರಿಗೆ ಹಿಡಿಯುವುದಿಲ್ಲ, ಒರೆಸಿ ಒಣಗಿಸಿ ಎರಡೂ ಕಡೆ ಟಯರಿನ ಮೇಲೂ ರಿಮ್ಮಿನ ಮೇಲೂ ಗುರುತು ಹಾಕಿದೆ. ಎರಡರ ಮೇಲೂ ಯಾಕೆಂದರೆ ಬಿಚ್ಚಿದ ಮೇಲೆ ಯಾವುದು ಯಾವುದಕ್ಕೆ ಎದುರಿತ್ತು ಅಂತ ಗೊತ್ತಾಗಬೇಕು.

ಇಲ್ಲಿ ಟ್ಯೂಬ್‌ಲೆಸ್ ಟಯರ್ ಗಾಳಿ ಹಿಡಿದಿಟ್ಟುಕೊಳ್ಳುವುದು ಹೇಗೆ ಅಂತ ಒಂದು ಮಾತು. ಟಯರಿನ ಒಳ ಬಾಯಿಯ ದಪ್ಪ ಅಂಚಿಗೆ ಬೀಡ್ ಅನ್ನುತ್ತಾರೆ, ಅದರೊಳಗೆ ಸ್ಟೀಲ್ ತಂತಿಯ ಬಳೆ ಇರುತ್ತದೆ. ಗಾಳಿಯ ಒತ್ತಡ ಆ ಬೀಡನ್ನು ರಿಮ್ಮಿಗೆ ಅದುಮಿ ಹಿಡಿಯುತ್ತದೆ, ಅದೇ ಸೀಲು. ಬೇರೆ ವಾಷರೂ ಇಲ್ಲ, ಅಂಟೂ ಇಲ್ಲ. ಉಪ್ಪಿನಕಾಯಿ ಜಾಡಿಯ ಬಾಯಲ್ಲಿ ಸಾಸಿವೆ ಕಾಳು ಸಿಕ್ಕಿಕೊಂಡರೆ ಮುಚ್ಚಳ ಎಷ್ಟು ಬಿಗಿ ಮಾಡಿದರೂ ಎಣ್ಣೆ ಜಿನುಗುತ್ತದೆ ಅಲ್ವಾ, ಹಾಗೇ ಇದು. ರಿಮ್ಮಿನ ಮೇಲೆ ತುಕ್ಕಿನ ಪದರ ಎದ್ದರೆ ಬೀಡಿನ ಅಡಿಯಲ್ಲಿ ಕೂದಲೆಳೆಯ ಸಂದಿ ಆಗುತ್ತದೆ, ಗಾಳಿಗೆ ಅಷ್ಟು ಸಾಕು. ತುಕ್ಕು ಶುರುವಾಗುವುದು ಹೆಚ್ಚಾಗಿ ಬಣ್ಣ ಕೆರೆದ ಜಾಗದಲ್ಲಿ. ಟಯರ್ ಬದಲಾಯಿಸುವಾಗ ಕಬ್ಬಿಣದ ಕೋಲು ಹಾಕಿ ಎತ್ತಿದ ಗಾಯ, ಬ್ಯಾಲೆನ್ಸಿಂಗ್ ತೂಕವನ್ನು ಸುತ್ತಿಗೆಯಲ್ಲಿ ಕುಟ್ಟಿದ ಗಾಯ. ಉಪ್ಪು ನೀರು ಆ ಗಾಯದಿಂದ ಒಳಗಿಳಿದು ಬಣ್ಣದ ಅಡಿಯಲ್ಲೇ ಹರಡುತ್ತದೆ. ಅಲಾಯ್ ರಿಮ್ ಆದರೆ ತುಕ್ಕು ಬರಲ್ಲ ಅಂತ ಎದೆ ಉಬ್ಬಿಸಬೇಡಿ. ಅಲ್ಯೂಮಿನಿಯಂ ಕೂಡ ಕೊರೆಯುತ್ತದೆ, ಲ್ಯಾಕರ್ ಅಡಿಯಲ್ಲಿ ಬಿಳಿ ಪುಡಿ ಏಳುತ್ತದೆ, ಗಾಳಿ ಅಲ್ಲಿಂದಲೂ ಹೋಗುತ್ತದೆ.

ಬೀಡ್ ಬಿಡಿಸುವ ಕೆಲಸ ಮನೆಯಲ್ಲಿ ಮಾಡಬೇಡಿ. ಜಾಕ್ ಇಟ್ಟು ಗಾಡಿಯ ಭಾರದಲ್ಲಿ ಬಿಡಿಸುವ ವಿಡಿಯೋಗಳು ಬೇಕಾದಷ್ಟಿವೆ, ಆದರೆ ಹಾಗೆ ಮಾಡುವಾಗ ಬೀಡಿನ ರಬ್ಬರ್ ಹರಿದರೆ ಟಯರೇ ಹೋಯಿತು. ಮೆಷೀನ್ ಇರುವ ಟಯರ್ ಅಂಗಡಿಗೆ ಚಕ್ರ ಡಿಕ್ಕಿಯಲ್ಲಿ ಹಾಕಿಕೊಂಡು ಹೋದೆ. ಬಿಚ್ಚಿ ಕೊಡಿ ಸಾಕು, ಪಂಚರ್ ಬೇಡ ಅಂದಾಗ ಅಲ್ಲಿಯ ಹುಡುಗ ಸ್ವಲ್ಪ ವಿಚಿತ್ರವಾಗಿ ನೋಡಿದ. ಬಿಚ್ಚಿದ ಮೇಲೆ ಅವನೇ, "ಇದ್ರಲ್ಲಿ ಗಾಳಿ ನಿಂತದ್ದೇ ದೊಡ್ಡದು ಮಾಷ್ಟ್ರೆ" ಅಂದ.

ಒಳ ಅಂಚಿನ ಸುತ್ತ, ಸುಮಾರು ಮೂರನೇ ಒಂದು ಭಾಗದಲ್ಲಿ, ಬಣ್ಣ ಸಿಪ್ಪೆಯಂತೆ ಎದ್ದು ಅಡಿಯಲ್ಲಿ ಕಂದು ಪುಡಿ ತುಂಬಿತ್ತು. ಉಗುರು ಹಾಕಿದರೆ ಚಕ್ಕೆ ಚಕ್ಕೆಯಾಗಿ ಬರುತ್ತಿತ್ತು. ಟಯರಿನ ಬೀಡ್ ಮೇಲೂ ಅದೇ ತುಕ್ಕಿನ ಅಚ್ಚು. ನಾನು ಗುರುತು ಹಾಕಿದ ಎರಡು ಜಾಗದಲ್ಲಿ ಚಕ್ಕೆ ಎಲ್ಲಕ್ಕಿಂತ ದಪ್ಪ. ಒಳಗೆ ಸ್ವಲ್ಪ ನೀರೂ ಇತ್ತು. ಅದು ಕಂಪ್ರೆಸರಿನಿಂದ ಬಂದದ್ದು. ಟಾಂಕಿಯ ನೀರು ದಿನಾ ಇಳಿಸದ ಕಂಪ್ರೆಸರಿನಿಂದ ಗಾಳಿ ಜೊತೆ ನೀರೂ ಟಯರಿಗೆ ಹೋಗುತ್ತದೆ, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ಹೊರಗಿನಿಂದ ಉಪ್ಪು, ಒಳಗಿನಿಂದ ನೀರು, ರಿಮ್ ಬದುಕುವುದು ಹೇಗೆ.

ಟಯರ್ ಬಿಚ್ಚಿದಾಗ ರಿಮ್ಮಿಗಿಂತ ಮೊದಲು ಟಯರಿನ ಒಳಮೈ ನೋಡಬೇಕು. ಈ ಇಡೀ ಕೆಲಸದಲ್ಲಿ ಜೀವಕ್ಕೆ ಹೆಚ್ಚು ಸಂಬಂಧಪಟ್ಟ ಭಾಗ ಇದು. ಕಡಿಮೆ ಗಾಳಿಯಲ್ಲಿ ಓಡಿಸಿದ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಒಳಗಿನ ನೂಲು ದಣಿದು ಕಡಿಯುತ್ತದೆ. ಒಳಗಡೆ ಗೋಡೆಯ ಸುತ್ತ ಉಂಗುರದಂತೆ ಉಜ್ಜಿದ ಗುರುತು ಇದ್ದರೆ, ಅಥವಾ ಒಳಗೆ ಕೈ ಹಾಕಿದಾಗ ಕರಿ ರಬ್ಬರ್ ಪುಡಿ ಬೆರಳಿಗೆ ಹತ್ತಿದರೆ, ಆ ಟಯರ್ ಎಸೆಯಬೇಕು. ಹೊರಗಿನಿಂದ ಎಷ್ಟು ಹೊಸದಾಗಿ ಕಂಡರೂ ಅಷ್ಟೇ. ಅದು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಒಡೆಯುವ ಟಯರು. ಹೊರಗಿನಿಂದ ಸ್ಟ್ರಿಪ್ ಚುಚ್ಚಿ ಕಳಿಸುವ ಅಂಗಡಿಯವರಿಗೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಅವರು ಟಯರ್ ಬಿಚ್ಚುವುದೇ ಇಲ್ಲ. ನನ್ನದರಲ್ಲಿ ಪುಡಿ ಇರಲಿಲ್ಲ, ಉಂಗುರವೂ ಇರಲಿಲ್ಲ, ರಬ್ಬರ್ ನಯವಾಗಿತ್ತು. ಬದುಕಿತು.

ರಿಮ್ ಮನೆಗೆ ತಂದೆ. ಮೊದಲು ವೈರ್ ಬ್ರಶ್, ಕೈಯಿಂದಲೇ. ಡ್ರಿಲ್ಲಿಗೆ ಸಿಕ್ಕಿಸುವ ವೈರ್ ಬ್ರಶ್ ಇದ್ದರೆ ಬೇಗ ಆಗುತ್ತದೆ, ಆದರೆ ಕನ್ನಡಕ ಹಾಕಿಕೊಳ್ಳಿ, ತಂತಿ ಚೂರು ಹಾರುತ್ತದೆ. ಆಮೇಲೆ 80 ನಂಬರಿನ ಮರಳು ಕಾಗದ, ಕೊನೆಗೆ 220. ಗ್ರೈಂಡರ್ ಹಾಕಲು ಹೋಗಬೇಡಿ. ಬೀಡ್ ಕೂರುವ ಜಾಗದಲ್ಲಿ ಒಂದು ಕಡೆ ತಗ್ಗು ತೆಗೆದರೆ ಅದೇ ಹೊಸ ಸೋರಿಕೆ. ತುಕ್ಕು ಮಾತ್ರ ಹೋಗಬೇಕು, ಲೋಹ ಹೋಗಬಾರದು. ಉಜ್ಜಿ ಮುಗಿಸಿದ ಮೇಲೆ ಕಣ್ಣು ಮುಚ್ಚಿಕೊಂಡು ಬೆರಳ ತುದಿಯಿಂದ ಸುತ್ತ ಸವರಿ ನೋಡಿದೆ, ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸಣ್ಣ ಸಣ್ಣ ಚುಕ್ಕೆ ಗುಂಡಿಗಳಿದ್ದವು, ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇರಲಿಲ್ಲ. ಸಿಕ್ಕಿಕೊಳ್ಳುವಂತಿದ್ದರೆ ರಿಮ್ ಬದಲಾಯಿಸುವುದೇ ಸರಿ, ಸ್ಟೀಲ್ ರಿಮ್ ಅಷ್ಟೇನೂ ದುಬಾರಿಯಲ್ಲ, ಗುಜರಿಯಲ್ಲಿ ಹುಡುಕಿದರೆ ಒಳ್ಳೆಯದೇ ಸಿಗುತ್ತದೆ.

ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಜಿಂಕ್ ಪ್ರೈಮರ್ ತೆಳುವಾಗಿ ಹೊಡೆದೆ. ಮೇಲೆ ಒಂದೇ ಒಂದು ಕೋಟ್ ಕಪ್ಪು ಬಣ್ಣ. ಚೆನ್ನಾಗಿ ಕಾಣಲಿ ಅಂತ ದಪ್ಪಗೆ ಬಳಿದರೆ ಅದೇ ಬಣ್ಣ ನಾಳೆ ಸಿಪ್ಪೆ ಏಳುತ್ತದೆ. ಮಳೆಗಾಲದ ಗಾಳಿಯಲ್ಲಿ ಬಣ್ಣ ಒಣಗುವುದು ನಿಧಾನ, ಡಬ್ಬದ ಮೇಲೆ ಬರೆದ ಹೊತ್ತನ್ನು ನಂಬದೆ ರಿಮ್ಮನ್ನು ಅಡಿಗೆಮನೆ ಪಕ್ಕದ ಬೆಚ್ಚಗಿನ ಮೂಲೆಯಲ್ಲಿ ಇಟ್ಟು ಬಿಟ್ಟೆ. ಮನೆಯವರು ಅದಕ್ಕೆ ಏನಂದರು ಅನ್ನುವುದು ಇಲ್ಲಿ ಬೇಡ. ಅಷ್ಟು ದಿನ ಗಾಡಿ ಸ್ಟೆಪ್ನಿ ಮೇಲೆ ಓಡಿತು. ನನ್ನದರ ಸ್ಟೆಪ್ನಿ ಉಳಿದವುಗಳ ಅಳತೆಯದ್ದೇ, ಹಾಗಾಗಿ ಪರವಾಗಿಲ್ಲ. ಈಗಿನ ಕೆಲವು ಗಾಡಿಗಳಲ್ಲಿ ಸಣ್ಣ ಸ್ಟೆಪ್ನಿ ಕೊಡುತ್ತಾರೆ, ಅದರ ಮೇಲೆ ಬರೆದ ವೇಗ ದಾಟಿ ಓಡಿಸುವಂತಿಲ್ಲ.

ಟಯರ್ ವಾಪಸ್ ಹಾಕಿಸುವಾಗ ಮೂರು ಕೆಲಸ ಹೇಳಿ ಮಾಡಿಸಿದೆ. ಒಂದು, ವಾಲ್ವ್ ಪೂರ್ತಿ ಹೊಸದು. ಕಾರುಗಳಿಗೆ ಸಾಮಾನ್ಯವಾಗಿ ಬರುವ ರಬ್ಬರ್ ವಾಲ್ವಿಗೆ ಟಿಆರ್413 ಅನ್ನುತ್ತಾರೆ, ಬೆಲೆ ಒಂದು ಊಟದಷ್ಟೂ ಇಲ್ಲ. ಟಯರ್ ಬಿಚ್ಚಿದಾಗಲೆಲ್ಲ ಅದನ್ನು ಬದಲಾಯಿಸಿಬಿಡಬೇಕು. ಎರಡು, ಟಯರಿನ ಬೀಡ್ ಒರೆಸಿ ಹಳೆಯ ತುಕ್ಕಿನ ಪುಡಿ ತೆಗೆದು, ಬೀಡ್ ಸೀಲರ್ ಹಚ್ಚುವುದು. ಕಪ್ಪು ರಬ್ಬರ್ ಪೇಸ್ಟಿನಂತಿರುತ್ತದೆ, ತೆಳುವಾಗಿ ಸಾಕು. ಟಯರ್ ಜಾರಲು ಸೋಪು ಪೇಸ್ಟ್ ಮಾತ್ರ ಬಳಸಬೇಕು. ಗ್ರೀಸು, ಹಳೆ ಇಂಜಿನ್ ಆಯಿಲ್ ಹಚ್ಚುವವರಿದ್ದಾರೆ, ಅದು ರಬ್ಬರ್ ತಿನ್ನುತ್ತದೆ. ಮೂರು, ಆ ಹಳೆಯ ಸ್ಟ್ರಿಪ್ ತೆಗೆದು ಒಳಗಿನಿಂದ ಮಶ್ರೂಮ್ ಪ್ಯಾಚ್, ಅಂದರೆ ಅಣಬೆಯಂತೆ ಕಾಂಡ ಇರುವ ರಬ್ಬರ್ ತೇಪೆ.

ಸ್ಟ್ರಿಪ್ ಸೋರುತ್ತಿರಲಿಲ್ಲವಲ್ಲ, ಮತ್ತೆ ಯಾಕೆ ಅಂತ ಕೇಳಬಹುದು. ಒಳಗಿನಿಂದ ನೋಡಿದಾಗ ಸ್ಕ್ರೂ ಓರೆಯಾಗಿ ಹೊಕ್ಕಿದ್ದು ಕಂಡಿತು, ಸ್ಟ್ರಿಪ್ ಒಂದು ಬದಿಗೆ ತಿರುಚಿ ಅರ್ಧ ಹೊರಗೆ ಬಂದು ನಿಂತಿತ್ತು. ಇಂದಲ್ಲ ನಾಳೆ ಸೋರುವುದೇ. ಸ್ಟ್ರಿಪ್ ರಂಧ್ರ ತುಂಬುತ್ತದೆ ಅಷ್ಟೇ. ಮಶ್ರೂಮ್ ಪ್ಯಾಚ್ ರಂಧ್ರವನ್ನೂ ತುಂಬಿ ಒಳಗಿನ ಪದರವನ್ನೂ ಮುಚ್ಚುತ್ತದೆ, ನೀರು ಒಳಗಿನ ಸ್ಟೀಲ್ ತಂತಿಗೆ ಇಳಿಯದಂತೆ ನೋಡಿಕೊಳ್ಳುತ್ತದೆ. ಸ್ಟ್ರಿಪ್ಪಿಗೆ ಕೊಡುವುದರ ಮೂರು ನಾಲ್ಕು ಪಟ್ಟು ಬೀಳುತ್ತದೆ. ಹಾಕುವಾಗ ಪಕ್ಕದಲ್ಲಿ ನಿಂತು ನೋಡಿ: ರಂಧ್ರ ಡ್ರಿಲ್ ಮಾಡಿ ಸ್ವಚ್ಛ ಮಾಡುತ್ತಾರೆ, ಸುತ್ತ ಉಜ್ಜುತ್ತಾರೆ, ಸೊಲ್ಯೂಷನ್ (ರಬ್ಬರ್ ಅಂಟು) ಹಚ್ಚಿ ಅಂಟಂಟಾಗುವವರೆಗೆ ಕಾಯಬೇಕು, ಆಮೇಲೆ ಪ್ಯಾಚ್ ಎಳೆದು ಸಣ್ಣ ಹಲ್ಲಿನ ರೋಲರಿನಿಂದ ಉಜ್ಜಬೇಕು. ಸೊಲ್ಯೂಷನ್ ಹಚ್ಚಿದ ತಕ್ಷಣ ಹಸಿಯಲ್ಲೇ ಅಂಟಿಸಿದರೆ ಕೆಲಸ ಕೆಟ್ಟಿತು ಅಂತಲೇ. ಇನ್ನೊಂದು ಗೆರೆ ಇದೆ: ಈ ಪ್ಯಾಚ್ ನೆಲಕ್ಕೆ ತಾಗುವ ಭಾಗದಲ್ಲಿ ಮಾತ್ರ, ರಂಧ್ರ 6 ಮಿಲಿಮೀಟರ್ ಒಳಗಿದ್ದರೆ ಮಾತ್ರ. ಪಕ್ಕದ ಗೋಡೆಯಲ್ಲಿ ತೂತಾದರೆ ಯಾರು ಏನೇ ಹೇಳಲಿ, ಟಯರ್ ಬದಲಾಯಿಸಿ.

ಗಾಳಿ ಹಾಕಿದಾಗ ಬೀಡ್ ರಿಮ್ಮಿಗೆ ಕೂರುವ ಶಬ್ದ ಎರಡು ಸಲ ಪಟ್, ಪಟ್ ಅಂತ ಬಂತು, ಒಂದೊಂದು ಬದಿಗೆ ಒಂದೊಂದು. ಹಾಗೆ ಬರುವ ಹೊತ್ತಿನಲ್ಲಿ ಟಯರಿನ ಮೇಲೆ ಬಗ್ಗಿ ನಿಲ್ಲಬಾರದು. ರಿಮ್ಮಿನ ಪಕ್ಕ ಟಯರಿನ ಮೇಲೆ ಸುತ್ತಲೂ ಒಂದು ತೆಳು ಗೆರೆ ಇರುತ್ತದೆ, ಅದು ರಿಮ್ಮಿನಿಂದ ಎಲ್ಲ ಕಡೆ ಒಂದೇ ದೂರದಲ್ಲಿದ್ದರೆ ಸರಿಯಾಗಿ ಕೂತಿದೆ ಅಂತ. ಬ್ಯಾಲೆನ್ಸಿಂಗ್ ಮಾಡಿಸಿ, ಚಕ್ರ ಹಾಕಿ, ನೂರು ಕಿಲೋಮೀಟರ್ ಒಳಗೆ ನಟ್ಟು ಇನ್ನೊಮ್ಮೆ ಬಿಗಿ ಮಾಡಿದೆ. ಅದಾದ ಮೇಲೆ ಕ್ಯಾಲೆಂಡರಿನಲ್ಲಿ ಹಿಂದಿನ ಎಡ ಚಕ್ರದ ಅಂಕಿ ಉಳಿದ ಮೂರರ ಜೊತೆಗೇ ನಡೆಯುತ್ತಿದೆ.

ಇನ್ನು ಎರಡನೆಯ ಕಥೆ, ಬೇರೆ ಬೇರೆ ಚಕ್ರಕ್ಕೆ ಹೊಕ್ಕುತ್ತಿದ್ದ ಸ್ಕ್ರೂಗಳದ್ದು. ಮೊದಲು ತೆಗೆದಿದ್ದು ಆರು ಮೂಲೆ ತಲೆಯ, ತುದಿಯಲ್ಲೇ ಡ್ರಿಲ್ ಇರುವ ಸ್ಕ್ರೂ. ಆಮೇಲೆ ಮುಂದಿನ ಬಲ ಟಯರಿನಲ್ಲೂ ಅದೇ ಜಾತಿಯದ್ದು ಸಿಕ್ಕಿತು, ಅದರ ಅಡಿಯ ಕಪ್ಪು ರಬ್ಬರ್ ವಾಷರ್ ಸಮೇತ. ನಮ್ಮ ಕರಾವಳಿಯವರಿಗೆ ಇದು ಎಲ್ಲಿಂದ ಅಂತ ಹೇಳಬೇಕಾಗಿಲ್ಲ. ಮಳೆಗೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ, ತಾರಸಿ ಮೇಲೆ ಶೀಟು ಹಾಕಿಸುವ ಗಡಿಬಿಡಿ. ಮೇಲಿನಿಂದ ಬಿದ್ದ ಸ್ಕ್ರೂಗಳನ್ನು ಯಾರೂ ಹೆಕ್ಕುವುದಿಲ್ಲ, ಮೊದಲ ಮಳೆಗೆ ಅವು ಮಣ್ಣಿನ ಜೊತೆ ಹರಿದು ರಸ್ತೆಯ ಅಂಚಿಗೆ ಬಂದು ನಿಲ್ಲುತ್ತವೆ. ನಮ್ಮ ಓಣಿಯಲ್ಲಿ ಆ ವರ್ಷ ಸಾಲು ಮನೆಗಳಿಗೆ ಶೀಟು ಬಿದ್ದಿತ್ತು.

ಹಿಂದಿನ ಟಯರಿಗೆ ಪಂಚರ್ ಜಾಸ್ತಿ ಅಂತ ಅಂಗಡಿಯವರು ಹೇಳುವುದರಲ್ಲಿ ಅರ್ಥ ಇದೆ. ಮಲಗಿದ ಮೊಳೆಯನ್ನು ಮುಂದಿನ ಚಕ್ರ ಚಿಮ್ಮಿಸಿ ಎಬ್ಬಿಸುತ್ತದೆ, ಹಿಂದಿನದು ಬಂದು ಅದರ ತುದಿಯ ಮೇಲೆ ಕೂರುತ್ತದೆ. ರಸ್ತೆ ಒದ್ದೆಯಿದ್ದರೆ ಇನ್ನೂ ಸುಲಭ, ನೀರು ಹತ್ತಿದ ಲೋಹ ರಬ್ಬರಿನೊಳಗೆ ಜಾರಿ ಇಳಿಯುತ್ತದೆ. ಎಡ ಬದಿಗೆ ಯಾಕೆ ಜಾಸ್ತಿ ಅಂದರೆ, ನಾವು ಓಡಿಸುವುದು ಎಡಕ್ಕೆ, ಕಸ ಸೇರುವುದೂ ಎಡ ಅಂಚಿಗೆ. ಎದುರು ಬಸ್ಸು ಬಂದಾಗ ಮಣ್ಣಿಗೆ ಇಳಿಸಿ ಕೊಡುವುದೂ ಎಡ ಚಕ್ರವನ್ನೇ.

ಹಳೆಯ ಸ್ಪೀಕರಿನ ದೊಡ್ಡ ಮ್ಯಾಗ್ನೆಟ್ ಒಂದು ಅಟ್ಟದಲ್ಲಿತ್ತು. ಹಗ್ಗ ಕಟ್ಟಿ, ಅಡಿಗೆ ಪ್ಲಾಸ್ಟಿಕ್ ಚೀಲ ಸುತ್ತಿ (ಇಲ್ಲದಿದ್ದರೆ ಹಿಡಿದ ಮೊಳೆ ಬಿಡಿಸಲು ಸಾಕುಬೇಕಾಗುತ್ತದೆ) ಅಂಗಳದಿಂದ ಗೇಟಿನವರೆಗೆ, ಗೇಟಿನಿಂದ ಡಾಂಬರು ರಸ್ತೆಯವರೆಗೆ ಎಳೆದುಕೊಂಡು ಹೋದೆ. ಶೀಟಿನ ಸ್ಕ್ರೂ, ಸೆಂಟ್ರಿಂಗ್ ಮೊಳೆ, ಕಟ್ಟುತಂತಿಯ ತುಂಡು, ಒಂದು ಚಪ್ಪಲಿ ಮೊಳೆ, ಒಂದು ಹಿಡಿ ತುಂಬ ಬಂತು. ಕಟ್ಟುತಂತಿಯ ತುಂಡು ಮೆತ್ತಗಿರುತ್ತದೆ ಅಂತ ಬಿಡಬಾರದು, ಸವೆದ ಟಯರಿಗೆ ಅದೂ ಸಾಕು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಐಟಿ ಕೆಲಸದವರೊಬ್ಬರು ಮ್ಯಾಗ್ನೆಟ್ ಹಿಡಿದು ಕಿಲೋಗಟ್ಟಲೆ ಮೊಳೆ ಹೆಕ್ಕಿದ್ದು ಹಿಂದೆ ಸುದ್ದಿಯಾಗಿತ್ತು. ಅಲ್ಲಿ ಪಂಚರ್ ಅಂಗಡಿಗಳ ಮೇಲೇ ಅನುಮಾನ ಇತ್ತು. ನಮ್ಮ ಓಣಿಯಲ್ಲಿ ಅಷ್ಟು ದೊಡ್ಡ ಸಂಚು ಇಲ್ಲ, ಬರೀ ಅಸಡ್ಡೆ. ಶೀಟಿನ ಕೆಲಸದವರಿಗೆ ಮುಂದಿನ ಸಲ ಮ್ಯಾಗ್ನೆಟ್ ನಾನೇ ಕೊಡುತ್ತೇನೆ ಅಂದಿದ್ದೇನೆ, ನಕ್ಕರು.

ಸವೆತದ ಮಾತು ಬಂತಲ್ಲ. ಬಟನ್ ಸಂದಿಯಲ್ಲಿ ಅಲ್ಲಲ್ಲಿ ಸಣ್ಣ ಅಡ್ಡ ದಿಂಡು ಇರುತ್ತದೆ, 1.6 ಮಿಲಿಮೀಟರ್ ಎತ್ತರ. ಬಟನ್ ಅದರ ಮಟ್ಟಕ್ಕೆ ಬಂದರೆ ಟಯರ್ ಮುಗಿಯಿತು. ಆದರೆ ಪಂಚರ್ ಲೆಕ್ಕದಲ್ಲಿ ಅದಕ್ಕಿಂತ ಮೊದಲೇ ಟಯರ್ ಸೋಲಲು ಶುರುಮಾಡುತ್ತದೆ, ರಬ್ಬರ್ ತೆಳ್ಳಗಾದಷ್ಟೂ ಮೊಳೆಗೆ ಹಾದಿ ಹತ್ತಿರ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ಕೆಟ್ಟಿದೆ ಅಂತ. ನಿಂತು ನೋಡಿದರೆ ಹೊರ ಅಂಚಿನ ಬಟನ್ ಚೆನ್ನಾಗಿ ಕಾಣುತ್ತದೆ, ಒಳಗಡೆ ಸ್ಟೀಲ್ ತಂತಿ ಹಲ್ಲು ಕಿರಿಯುತ್ತಿರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದಿನ ಟಯರಿನ ಒಳಬದಿಗೆ ಕೈ ಹಾಕಿ ನೋಡಿ. ಗುಂಡಿಗೆ, ರಸ್ತೆಯ ಹಂಪ್‌ಗೆ ಜೋರಾಗಿ ಹೊಡೆದ ಮೇಲೆ ಟಯರಿನ ಪಕ್ಕದಲ್ಲಿ ಬುಗುಟು ಎದ್ದಿದ್ದರೆ ಒಳಗಿನ ನೂಲು ಕಡಿದಿದೆ, ಅದಕ್ಕೆ ಪ್ಯಾಚಿಲ್ಲ. ಅಲಾಯ್ ರಿಮ್ ಇದ್ದವರು ಗುಂಡಿಗೆ ಬಿದ್ದ ಮೇಲೆ ಗಾಳಿ ಇಳಿಯತೊಡಗಿದರೆ ರಿಮ್ಮಿನ ಒಳಬದಿಯಲ್ಲಿ ಕೂದಲೆಳೆ ಬಿರುಕು ಹುಡುಕಬೇಕು. ವೆಲ್ಡಿಂಗ್ ಮಾಡಿಕೊಡುವವರಿದ್ದಾರೆ. ನಾನಾದರೆ ಮಾಡಿಸುವುದಿಲ್ಲ.

ಅಂಗಡಿಗಳಲ್ಲಿ ಹೇಳುವ ಇತರ ಮದ್ದುಗಳ ಬಗ್ಗೆ. ಟಯರಿನೊಳಗೆ ಸುರಿಯುವ ಸೀಲಂಟ್ ದ್ರವ ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಸೇರಲು ಒಳ್ಳೆಯದು. ಅದನ್ನೇ ಮದ್ದು ಅಂದುಕೊಂಡರೆ ಸೋರಿಕೆ ಅಡಗಿಕೊಳ್ಳುತ್ತದೆ, ಬ್ಯಾಲೆನ್ಸ್ ಹೋಗುತ್ತದೆ, ಮುಂದೆ ಟಯರ್ ಬಿಚ್ಚುವವನು ನಿಮ್ಮನ್ನು ಬೈಯುತ್ತಾನೆ. ನೈಟ್ರೋಜನ್ ಹಾಕಿಸಿ ಅಂದರು. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಅಂಗಡಿಯ ನೈಟ್ರೋಜನ್ ಒಣಗಿರುತ್ತದೆ, ಒಳಗೆ ನೀರು ಹೋಗುವುದಿಲ್ಲ ಅನ್ನುವುದೊಂದು ಲಾಭ, ನಮ್ಮ ಊರಿನ ರಿಮ್ಮಿಗೆ ಅದು ಚಿಕ್ಕ ಲಾಭವೇನಲ್ಲ. ಆದರೆ ತುಕ್ಕಿನ ಸಂದಿಯಿಂದ ಗಾಳಿ ಹೋಗುವ ಹಾಗೇ ನೈಟ್ರೋಜನ್ನೂ ಹೋಗುತ್ತದೆ. ಮೂರನೆಯದು, ಟ್ಯೂಬ್‌ಲೆಸ್ ಟಯರಿನೊಳಗೆ ಟ್ಯೂಬ್ ಹಾಕಿಬಿಡುವುದು. ಇದನ್ನು ಮಾತ್ರ ಕಾರಿಗೆ ಒಪ್ಪಬೇಡಿ. ಟ್ಯೂಬ್‌ಲೆಸ್ ಟಯರಿನ ಒಳಮೈ ಟ್ಯೂಬನ್ನು ಉಜ್ಜುತ್ತದೆ, ಬಿಸಿಯಾಗುತ್ತದೆ. ಮೊಳೆ ಹೊಕ್ಕರೆ ಟ್ಯೂಬ್‌ಲೆಸ್‌ನಂತೆ ನಿಧಾನ ಇಳಿಯುವುದಿಲ್ಲ, ಒಮ್ಮೆಗೇ ಖಾಲಿಯಾಗುತ್ತದೆ.

ಬಾಕಿ ಉಳಿದ ಕೆಲಸ: ಉಳಿದ ಮೂರು ರಿಮ್. ಮುಂದಿನ ಬಲದ್ದರ ಹೊರ ಅಂಚಿನಲ್ಲಿ ಬಣ್ಣ ಉಬ್ಬಲು ಶುರುವಾಗಿದೆ, ಗಾಳಿ ಇನ್ನೂ ಇಳಿದಿಲ್ಲ. ಆ ಟಯರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ 2319, ಅಂದರೆ 2019ರ 23ನೇ ವಾರ ತಯಾರಾದದ್ದು. ಅದನ್ನು ಹೇಗೂ ಬೇಗ ಬದಲಾಯಿಸಬೇಕು. ಬಿಚ್ಚುವ ಕೂಲಿ ಎರಡು ಸಲ ಯಾಕೆ ಕೊಡುವುದು, ಹೊಸ ಟಯರ್ ಹಾಕಿಸುವ ಮೊದಲು ರಿಮ್ ಮನೆಗೆ ತಂದು ಉಜ್ಜಿ ಬಣ್ಣ ಹೊಡೆದು ಕೊಡುತ್ತೇನೆ ಅಂತ ಅಂಗಡಿಯ ಹುಡುಗನಿಗೆ ಈಗಲೇ ಹೇಳಿಟ್ಟಿದ್ದೇನೆ. ಮಳೆ ನಿಂತು ಬಿಸಿಲು ಬರಲಿ ಅಂತ ಕಾಯುತ್ತಿದ್ದೇನೆ, ಪ್ರೈಮರ್ ಡಬ್ಬದಲ್ಲಿ ಇನ್ನೂ ಅರ್ಧ ಇದೆ.